ದಿನಾಂಕವಿಲ್ಲದ ವಿಪತ್ತು: ಕಡಲತಡಿಯ ಬದುಕು ಮತ್ತು ಸರ್ಕಾರಿ ಪರಿಹಾರ



ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನ ಜಯನಗರದಲ್ಲಿ ಕುಳಿತು ಕಡಲ್ಕೊರೆತದ ಬಗ್ಗೆ ಮಾತಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನನಗೆ ಹಾಗೆನಿಸುವುದಿಲ್ಲ. ಕುಂದಾಪುರ, ಉಡುಪಿ, ಉಳ್ಳಾಲ, ಕುಮಟಾಗಳಿಂದ ಬಂದು ಇಲ್ಲಿ ಹೋಟೆಲು, ಬ್ಯಾಂಕು, ಶಾಲೆಗಳಲ್ಲಿ ದುಡಿದವರು, ಅವರ ಮಕ್ಕಳು ಈ ಸಭೆಯಲ್ಲೇ ಅನೇಕರಿದ್ದೀರಿ. ಊರಿಗೆ ಹೋದಾಗ ಕಳೆದ ವರ್ಷ ಇದ್ದ ತೆಂಗಿನ ಸಾಲು ಈ ವರ್ಷ ಕಾಣಲಿಲ್ಲ ಎಂದು ಹೇಳುವವರು ನೀವೇ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಕಡಲತಡಿಯ ಕುಟುಂಬಕ್ಕೆ ಪರಿಹಾರ ಎಷ್ಟು, ಯಾವ ಷರತ್ತಿನ ಮೇಲೆ ಎಂಬ ತೀರ್ಮಾನ ಆಗುವುದು ಕಡಲಿನ ಎದುರಿಗಲ್ಲ. ಒಂದು ಪಾಲು ದೆಹಲಿಯಲ್ಲಿ, ಇನ್ನೊಂದು ಪಾಲು ಇಲ್ಲಿಂದ ಕೆಲವೇ ಮೈಲಿ ದೂರದ ವಿಧಾನಸೌಧದಲ್ಲಿ.

ನನ್ನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹವಾಮಾನ ಬದಲಾವಣೆಯ ವಿಜ್ಞಾನಕ್ಕೆ ನಾನು ಕೈಹಾಕುವುದಿಲ್ಲ. ಅದನ್ನು ಬಲ್ಲವರು ಬೇರೆ ಇದ್ದಾರೆ. ಕಡಲು ನೆಲವನ್ನು ಹೇಗೆ ಒಯ್ಯುತ್ತದೆ, ಸರ್ಕಾರ ಅದನ್ನು ಹೇಗೆ ಲೆಕ್ಕ ಹಾಕುತ್ತದೆ, ಲೆಕ್ಕಕ್ಕೆ ಸಿಗದಿದ್ದಾಗ ಕಲ್ಲು ಸುರಿಯುವುದೇ ಪರಿಹಾರವಾದದ್ದು ಹೇಗೆ, ಈ ಪ್ರಶ್ನೆಗಳಿಗೆ ಅಂಟಿಕೊಳ್ಳುತ್ತೇನೆ. ಕೊನೆಗೆ ತಲಪಾಡಿಯ ಗಡಿ ದಾಟಿ ಕಾಸರಗೋಡಿನ ಕಡೆ ಒಮ್ಮೆ ನೋಡೋಣ. ನಡುವೆ ನಮ್ಮ ಮಡಿವಾಳ ಕೆರೆಯೂ ಬಂದುಹೋಗುತ್ತದೆ.

ಮೊದಲು ಕಡಲಿನ ವಿಷಯ.

ತಲಪಾಡಿಯಿಂದ ಕಾರವಾರದ ಮಾಜಾಳಿಯವರೆಗಿನ ನಮ್ಮ ಕರಾವಳಿ 320 ಕಿಲೋಮೀಟರ್ ಎಂದು ಶಾಲೆಯಲ್ಲಿ ಓದಿದ್ದೇವೆ. ಈ ಸಣ್ಣ ಅಂಚಿನಲ್ಲಿ ನೇತ್ರಾವತಿ, ಫಲ್ಗುಣಿ, ಸೀತಾ, ಸ್ವರ್ಣಾ, ಸೌಪರ್ಣಿಕಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ನದಿಗಳು ಒಂದರ ಪಕ್ಕ ಒಂದು ಕಡಲು ಸೇರುತ್ತವೆ. ಘಟ್ಟದಲ್ಲಿ ಹುಟ್ಟಿ, ಗಡಿಬಿಡಿಯಲ್ಲಿ ಇಳಿದು, ಅಳಿವೆಯ ಹತ್ತಿರ ಮಾತ್ರ ನಿಧಾನವಾಗುವ ನದಿಗಳಿವು. ಘಟ್ಟದಲ್ಲಿ ಭಾರಿ ಮಳೆಯಾದ ದಿನವೇ ಹುಣ್ಣಿಮೆಯ ಅಥವಾ ಅಮಾವಾಸ್ಯೆಯ ಉಬ್ಬರವೂ ಕೂಡಿಬಂದರೆ ಹೊಳೆಯ ನೀರನ್ನು ಕಡಲು ಒಳಕ್ಕೆ ಬಿಡುವುದಿಲ್ಲ. ನೀರು ಹಿಮ್ಮೆಟ್ಟಿ ಕುದ್ರು ಎಂಬ ನಡುಗಡ್ಡೆಗಳನ್ನೂ ಗದ್ದೆಗಳನ್ನೂ ಪೇಟೆಯನ್ನೂ ತುಂಬುತ್ತದೆ. ದಕ್ಷಿಣ ಕನ್ನಡದ ಹಿರಿಯರು 1923ರ ನೆರೆಯನ್ನು, ಅದರ ಮುಂದಿನ ತಲೆಮಾರಿನವರು 1974ರ ನೆರೆಯನ್ನು ಗುರುತಿನ ಕಂಬಗಳಂತೆ ಬಳಸಿ ತಮ್ಮ ಮನೆಯ ಮದುವೆ, ಹುಟ್ಟುಗಳ ವರ್ಷ ಹೇಳುತ್ತಿದ್ದರು. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿತು. 2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ನಮ್ಮ ತೀರಕ್ಕೆ ಬಡಿಯದೆ ಪಕ್ಕದಲ್ಲೇ ಬಡಗಕ್ಕೆ ಹಾದುಹೋಯಿತು; ಹಾದುಹೋಗುವ ಭರದಲ್ಲೇ ರಸ್ತೆ, ದೋಣಿ, ಮನೆಗಳನ್ನು ಕೆಡವಿತು. ಇವೆಲ್ಲ ತಾರೀಖು ಇರುವ ವಿಪತ್ತುಗಳು. ಪತ್ರಿಕೆಯಲ್ಲಿ ಬರುತ್ತವೆ, ಮಂತ್ರಿಗಳು ಬರುತ್ತಾರೆ, ಕಾಳಜಿ ಕೇಂದ್ರ ತೆರೆಯುತ್ತದೆ.

ತಾರೀಖು ಇಲ್ಲದ್ದು ಇನ್ನೊಂದಿದೆ, ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ. ಮಳೆಗಾಲದ ಅಲೆ ದಂಡೆಯ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಇಡುತ್ತದೆ. ಮಳೆ ನಿಂತು ಕಡಲು ಶಾಂತವಾದ ಮೇಲೆ ಅದೇ ಮರಳು ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಕಡಲನ್ನೇ ನಂಬಿದ ಮೊಗವೀರರಿಗೆ, ಖಾರ್ವಿಗಳಿಗೆ, ಹರಿಕಂತ್ರರಿಗೆ, ಬ್ಯಾರಿಗಳಿಗೆ ಇದು ಹೊಸ ಸಂಗತಿಯಲ್ಲ. ದೋಣಿಯನ್ನು ಎಲ್ಲಿ ಎಳೆದಿಡಬೇಕು, ಮನೆಯನ್ನು ಎಷ್ಟು ಹಿಂದೆ ಕಟ್ಟಬೇಕು ಎಂಬುದು ಈ ಲೆಕ್ಕದ ಮೇಲೆಯೇ ನಿಂತಿತ್ತು. ತೊಂದರೆ ಹುಟ್ಟುವುದು ಕೊಟ್ಟ ಮರಳು ಪೂರ್ತಿ ಹಿಂದೆ ಬಾರದಿದ್ದಾಗ. ನದಿಗೆ ಅಣೆಕಟ್ಟು ಬಿದ್ದು, ಹೊಳೆಯ ಮರಳು ಲಾರಿ ಹತ್ತಿ, ಬಂದರಿಗಾಗಿ ಅಳಿವೆಯ ಬಾಯಲ್ಲಿ ಕಲ್ಲಿನ ಬ್ರೇಕ್‌ವಾಟರ್ ಚಾಚಿದ ಮೇಲೆ ತೀರದುದ್ದಕ್ಕೂ ಸಾಗುತ್ತಿದ್ದ ಮರಳಿನ ಓಡಾಟಕ್ಕೆ ತಡೆ ಬೀಳುತ್ತದೆ. ತಡೆಯ ಒಂದು ಮಗ್ಗುಲಲ್ಲಿ ದಂಡೆ ಬೆಳೆಯುತ್ತದೆ, ಇನ್ನೊಂದು ಮಗ್ಗುಲಲ್ಲಿ ಸವೆಯುತ್ತದೆ. ಪ್ರತಿವರ್ಷ ಒಂದೆರಡು ಮಾರು. ಒಂದು ವರ್ಷ ಬಾವಿಯ ನೀರು ಉಪ್ಪಾಗುತ್ತದೆ, ಮರುವರ್ಷ ದೋಣಿ ಇಡುವ ಜಾಗ ಹೋಗುತ್ತದೆ, ಆಮೇಲೆ ತೆಂಗು, ಆಮೇಲೆ ಮೀನು ಒಣಗಿಸುವ ಅಂಗಳ. ಕೊನೆಗೆ ಅಡುಗೆಮನೆಯ ಗೋಡೆ ಬಿದ್ದಾಗ ಮಾತ್ರ ಫೋಟೊ ತೆಗೆಯುತ್ತಾರೆ.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ದೇಶದ ತೀರದ ಮೂರನೆಯ ಒಂದರಷ್ಟು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದಿತು. ಕರ್ನಾಟಕದ ಪಾಲು ಸುಮಾರು ಕಾಲು ಭಾಗ. ಕೇರಳಕ್ಕೆ, ಪಶ್ಚಿಮ ಬಂಗಾಳಕ್ಕೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ಸರಾಸರಿಯಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಬಟ್ಟಪ್ಪಾಡಿ, ಮರವಂತೆ ಇಂಥ ಕಡೆ ವಾಸವಾಗಿರುವವರಿಗೆ ಆ ಕಾಲು ಭಾಗವೇ ಪೂರ್ತಿ.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ: ಸರ್ಕಾರದ ಲೆಕ್ಕ. ಇಲ್ಲಿ ಸ್ವಲ್ಪ ಕಾಗದಪತ್ರದ ಮಾತು ಅನಿವಾರ್ಯ, ಸಹಿಸಿಕೊಳ್ಳಬೇಕು.

2005ರ ವಿಪತ್ತು ನಿರ್ವಹಣಾ ಕಾಯ್ದೆ ವಿಪತ್ತನ್ನು ವಿಶಾಲವಾಗಿಯೇ ವಿವರಿಸುತ್ತದೆ. ಆದರೆ ಹಣ ಹೊರಡುವುದು ಆ ವಿವರಣೆಯಿಂದಲ್ಲ, ಒಂದು ಪಟ್ಟಿಯಿಂದ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ನಮ್ಮಂಥ ರಾಜ್ಯಗಳಲ್ಲಿ ನೂರಕ್ಕೆ 75 ಕೇಂದ್ರದ ಪಾಲು, 25 ರಾಜ್ಯದ್ದು. ಆ ನಿಧಿಯಿಂದ ಖರ್ಚು ಮಾಡಲು ಕೇಂದ್ರ ಗುರುತಿಸಿದ ವಿಪತ್ತುಗಳು 12: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಹಿಮಪಾತವಿದೆ, ಕಡಲ್ಕೊರೆತ ಇಲ್ಲ. ಪಟ್ಟಿ ಮಾಡಿದವರಿಗೆ ಕರಾವಳಿಯ ಮೇಲೆ ದ್ವೇಷವಿತ್ತೆಂದು ನಾನು ಹೇಳುತ್ತಿಲ್ಲ. ವಿಪತ್ತು ಎಂದರೆ ಒಂದು ದಿನ ಆಗಿ ಮುಗಿಯುವಂಥದ್ದು ಎಂಬ ಕಲ್ಪನೆ ಅದರ ಬುಡದಲ್ಲಿದೆ. ಮೂವತ್ತು ವರ್ಷ ನಡೆಯುವ ವಿಪತ್ತಿಗೆ ಅದರಲ್ಲಿ ಕಾಲಂ ಇಲ್ಲ. ಬರವನ್ನು ಎತ್ತಿ ತೋರಿಸಿ ನೀವು ಆಕ್ಷೇಪಿಸಬಹುದು, ಅದೂ ನಿಧಾನದ್ದೇ ಎಂದು. ನಿಜ. ಬರಕ್ಕೆ ಘೋಷಣೆಯ ತಾರೀಖು ಇದೆ, ಹಂಗಾಮಿದೆ, ಅದರ ಹಿಂದೆ ರೈತ ಸಂಘಟನೆಯಿದೆ. ಅಷ್ಟಿದ್ದೂ 2024ರಲ್ಲಿ ಕರ್ನಾಟಕ ಬರಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಪಟ್ಟಿಯ ನಂತರ ದರಗಳು. 2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಲ್ಲಿ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ. ಪೂರ್ತಿ ಹಾಳಾದ ದೋಣಿಗೆ 15,000, ಬಲೆಗೆ 4,000. ಎಂಜಿನ್ ಇಟ್ಟ ನಾಡದೋಣಿಯೂ ಅದರ ಬಲೆಯೂ ಇವತ್ತು ಲಕ್ಷಗಳ ಬಾಬತ್ತು ಎಂದು ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಯಾರನ್ನು ಕೇಳಿದರೂ ಹೇಳುತ್ತಾರೆ. 2019ರ ನೆರೆಯ ನಂತರ ಕರ್ನಾಟಕ ಸರ್ಕಾರ ತನ್ನ ಹಣ ಸೇರಿಸಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಡುವ ತೀರ್ಮಾನ ಮಾಡಿತು. ಅದು ದೊಡ್ಡ ಹೆಜ್ಜೆ, ಒಪ್ಪಬೇಕು.

ಆದರೆ ಮೊತ್ತಕ್ಕಿಂತ ಷರತ್ತನ್ನು ನೋಡಿ. ಬಿದ್ದ ಮನೆ ಅಧಿಕೃತ ಕಟ್ಟಡವೆಂದು ಸಂಬಂಧಪಟ್ಟ ಅಧಿಕಾರಿ ದೃಢೀಕರಿಸಬೇಕು. ಕಡಲಿನ ಅಂಚಿನ ಮನೆಗಳಲ್ಲಿ ಬಹಳಷ್ಟು ನಿಂತಿರುವುದು ಸರ್ಕಾರಿ ಪರಂಬೋಕು ಜಾಗದಲ್ಲಿ. ಹಕ್ಕುಪತ್ರಕ್ಕೆ ಅರ್ಜಿ ಹಾಕಿದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಅಡ್ಡ ಬರುತ್ತದೆ. ಗ್ರಾಮ ಆಡಳಿತಾಧಿಕಾರಿ ಮಹಜರು ಬರೆಯಲು ಬಂದಾಗ ಮೊದಲು ಕೇಳುವುದು ಪಹಣಿ, ಮನೆ ನಂಬರು. ಮನಸ್ಸುಳ್ಳ ಅಧಿಕಾರಿಯಾದರೆ ನೆರೆಹಾನಿ ಎಂದು ಬರೆದು ದಾರಿ ಮಾಡಿಕೊಡಬಹುದು. ಇಲ್ಲವಾದರೆ ತಕ್ಷಣದ ಸಾಂತ್ವನ ಧನಕ್ಕೆ ವಿಷಯ ಮುಗಿಯುತ್ತದೆ. ಒಂದು ಕುಟುಂಬದ ಮುಂದಿನ ಇಪ್ಪತ್ತು ವರ್ಷ ಒಬ್ಬ ಅಧಿಕಾರಿಯ ಮನಸ್ಸಿನ ಮೇಲೆ ನಿಲ್ಲಬಾರದು.

ಇದಕ್ಕಿಂತ ಸೂಕ್ಷ್ಮವಾದ, ನನ್ನನ್ನು ಹೆಚ್ಚು ಕಾಡಿದ ಒಂದು ಸಾಲು ಅದೇ ಮಾನದಂಡದಲ್ಲಿದೆ. ಭೂಕುಸಿತದಿಂದ, ಹಿಮಪಾತದಿಂದ, ನದಿ ಪಾತ್ರ ಬದಲಿಸಿದ್ದರಿಂದ ಜಮೀನಿನ ಬಹುಭಾಗ ಕಳೆದುಕೊಂಡ ಸಣ್ಣ ಮತ್ತು ಅತಿಸಣ್ಣ ರೈತನಿಗೆ ಹೆಕ್ಟೇರಿಗೆ ಇಷ್ಟು ಎಂದು ನೆರವಿದೆ. ನದಿ ನೆಲವನ್ನು ನುಂಗಿದರೆ ಲೆಕ್ಕವುಂಟು. ಕಡಲು ನುಂಗಿದರೆ ಆ ಸಾಲಿನಲ್ಲಿ ಜಾಗವಿಲ್ಲ. ಬೀಳುವ ಮುಂಚೆ ಮನೆಯನ್ನು ಕಳಚಿ ಹೆಂಚು, ಬಾಗಿಲುಗಳನ್ನು ಸಾಗಿಸಿಕೊಂಡು ಹೊರಟವನ ಸ್ಥಿತಿಯಂತೂ ಇನ್ನೂ ಕೆಟ್ಟದ್ದು: ಮನೆ ಬೀಳಲೇ ಇಲ್ಲವಲ್ಲ, ಹಾನಿ ಎಲ್ಲಿ? ಎಚ್ಚರದಿಂದ ಹಿಂದೆ ಸರಿದವನಿಗೆ ಏನೂ ಇಲ್ಲ, ಗೋಡೆ ಬೀಳುವವರೆಗೆ ಒಳಗೇ ಮಲಗಿದ್ದವನಿಗೆ ಅರ್ಜಿ ಹಾಕುವ ಅರ್ಹತೆ. ಇಂಥ ವ್ಯವಸ್ಥೆ ಜನರಿಗೆ ಕಲಿಸುವುದೇನು ಎಂದು ಯೋಚಿಸಿದರೆ ಸಿಟ್ಟು ಬರುತ್ತದೆ.

ಕುಟುಂಬಕ್ಕೆ ಕೊಡಲು ಲೆಕ್ಕಶೀರ್ಷಿಕೆಯಿಲ್ಲದ ಹಣ ಹಾಗಾದರೆ ಎಲ್ಲಿಗೆ ಹೋಯಿತು? ಇದು ನನ್ನ ಮೂರನೆಯ ವಿಷಯ. ಅದು ಕಲ್ಲಾಗಿ ಕಡಲಿಗೆ ಹೋಯಿತು.

ಜೂನ್ ತಿಂಗಳಲ್ಲಿ ಕರಾವಳಿಯ ಯಾವ ಪತ್ರಿಕೆ ತೆರೆದರೂ ಒಂದೇ ಚಿತ್ರ: ತಡೆಗೋಡೆಗೆ ಆಗ್ರಹ, ಟಿಪ್ಪರಿನಿಂದ ಉರುಳುವ ಕಗ್ಗಲ್ಲು, ಪಕ್ಕದಲ್ಲಿ ಶಾಸಕರು. ಜನ ಕೇಳುವುದೂ ಕಲ್ಲನ್ನೇ ಎಂಬುದನ್ನು ಮರೆಯಬಾರದು. ಅಲೆ ಹೊಸ್ತಿಲಿಗೆ ಬಂದಾಗ ಬೇರೇನನ್ನು ಕೇಳಲು ಸಾಧ್ಯ? ಕಲ್ಲು ಆ ರಾತ್ರಿಯ ಮಟ್ಟಿಗೆ ಮನೆಯನ್ನು ಉಳಿಸಬಹುದು ಕೂಡ. ಆದರೆ ಮರಳಿನ ಮೇಲೆ ಸುರಿದ ಕಲ್ಲಿನ ಬುಡವನ್ನು ಅಲೆ ಕೊರೆಯುತ್ತದೆ, ಕಲ್ಲು ಕುಸಿದು ಹೂತುಹೋಗುತ್ತದೆ. ಗೋಡೆಗೆ ಬಡಿದ ಅಲೆಯ ಕಸುವು ಎದುರಿನ ಮರಳನ್ನು ಇನ್ನಷ್ಟು ಕೆದಕುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಜೋರಾಗುತ್ತದೆ, ಅಂದರೆ ಪಕ್ಕದವನ ಅಂಗಳದಲ್ಲಿ. ಮರುವರ್ಷ ಅವನೂ ಗೋಡೆ ಕೇಳುತ್ತಾನೆ. ಜೊತೆಗೆ, ಕಲ್ಲಿನ ರಾಶಿ ಎದ್ದ ದಂಡೆಯಲ್ಲಿ ದೋಣಿ ಎಳೆಯಲಾಗುವುದಿಲ್ಲ, ಕೈರಂಪಣಿ ಬಲೆ ಎಳೆಯಲಾಗುವುದಿಲ್ಲ. ಮನೆ ಉಳಿಯಿತು, ಕಸುಬು ಹೋಯಿತು.

ಈ ಸರಣಿಯನ್ನು ಮುರಿಯಲು ಒಂದು ದೊಡ್ಡ ಪ್ರಯತ್ನ ಉಳ್ಳಾಲದಲ್ಲಿ ನಡೆಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗೆ 25 ಕೋಟಿ ಡಾಲರ್ ಮಿತಿಯ ಕರಾವಳಿ ಸಂರಕ್ಷಣಾ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಅದರಡಿ ಉಳ್ಳಾಲದಲ್ಲಿ ನೇತ್ರಾವತಿ ಅಳಿವೆಯ ಹಳೆಯ ಬ್ರೇಕ್‌ವಾಟರುಗಳ ದುರಸ್ತಿ, ತೀರದಿಂದ ದೂರದಲ್ಲಿ ನೀರಿನಡಿಯ ಕೃತಕ ದಿಬ್ಬಗಳು, ದಂಡೆಯ ಹತ್ತಿರ ಏರಿಯಂಥ ಬರ್ಮ್‌ಗಳು ಬಂದವು; ಮರವಂತೆಯಲ್ಲಿ ಕಡಲಿನೊಳಕ್ಕೆ ಚಾಚಿದ ಅಡ್ಡಗೋಡೆಗಳು ಎದ್ದವು. ಮರವಂತೆಗೆ ಹೋದವರಿಗೆ ಅಲ್ಲಿ ಪಣಕ್ಕಿಟ್ಟದ್ದೇನು ಎಂದು ವಿವರಿಸಬೇಕಿಲ್ಲ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವಿನ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66. ಅಲೆಯನ್ನು ಅಡ್ಡಗಟ್ಟುವುದಕ್ಕಿಂತ ಅದರ ಕಸುವನ್ನು ದೂರದಲ್ಲೇ ಮುರಿಯಬೇಕೆಂಬ ಉಳ್ಳಾಲದ ಆಲೋಚನೆ ಸರಿಯಾದದ್ದೇ. ಆದರೆ ಕೊರೆತ ತಗ್ಗಿದ ಜಾಗದ ತೆಂಕಕ್ಕೆ, ಸೋಮೇಶ್ವರ, ಉಚ್ಚಿಲಗಳಲ್ಲಿ ಪ್ರತಿ ಮಳೆಗಾಲವೂ ಅದೇ ಕೂಗು ಕೇಳುತ್ತಲೇ ಇದೆ. ತೀರವೆಂಬುದು ಉದ್ದಕ್ಕೂ ಒಂದೇ ವಸ್ತು. ತಾಲ್ಲೂಕು, ಟೆಂಡರು, ಕ್ಷೇತ್ರ ಎಂದು ತುಂಡು ಮಾಡಿ ಕಾಪಾಡಲಾಗದು.

ಕಲ್ಲಿಗೆ ಇಷ್ಟು ಒಲವು ಏಕೆ? ಕಲ್ಲಿಗೆ ಅಂದಾಜುಪಟ್ಟಿ ಉಂಟು, ಅಳತೆ ಪುಸ್ತಕ ಉಂಟು, ಬಿಲ್ಲು ಉಂಟು. ಸ್ಥಳಾಂತರಕ್ಕೆ ಜಮೀನು ಹುಡುಕಬೇಕು, ಹತ್ತು ಇಲಾಖೆಗಳು ಕೂರಬೇಕು, ಜನರೊಡನೆ ತಿಂಗಳುಗಟ್ಟಲೆ ಮಾತಾಡಬೇಕು. ಇದರಲ್ಲಿ ಭ್ರಷ್ಟಾಚಾರದ ಪಾಲು ಎಷ್ಟೆಂದು ನಾನು ಊಹಿಸಲು ಹೋಗುವುದಿಲ್ಲ. ಅದಿಲ್ಲದೆಯೂ ಇದು ಹೀಗೇ ನಡೆಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಉಪ್ಪುನೀರಿನೊಡನೆ ಬಾಳುವ ಬೇರೆ ಕ್ರಮವೂ ನಮ್ಮಲ್ಲೇ ಇತ್ತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ, ಮಾಣಿಕಟ್ಟದಂಥ ಊರುಗಳಲ್ಲಿ, ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ನೆರೆಯಲ್ಲಿ ಮುಳುಗಿದರೂ ತಡೆಯುವ, ಉಪ್ಪನ್ನೂ ಸಹಿಸುವ ಪೈರು ಅದು. ಮಣ್ಣಿನ ಕಟ್ಟೆಗಳನ್ನು ಊರವರೇ ಸೇರಿ ಕಾಯುತ್ತಿದ್ದರು. ಭತ್ತ ಕೊಯ್ದ ಮೇಲೆ ತೂಬು ತೆರೆದು ಉಬ್ಬರದ ನೀರನ್ನು ಗದ್ದೆಗೆ ಬಿಟ್ಟುಕೊಳ್ಳುತ್ತಿದ್ದರು. ನೀರಿನೊಡನೆ ಮೀನು, ಸಿಗಡಿ ಒಳಗೆ ಬರುತ್ತಿದ್ದವು. 1970ರ ದಶಕದಲ್ಲಿ ಸರ್ಕಾರ ಉಪ್ಪುನೀರು ತಡೆಯುವ ಪಕ್ಕಾ ಖಾರ್‌ಲ್ಯಾಂಡ್ ಕಟ್ಟೆಗಳನ್ನು ಕಟ್ಟಿಕೊಟ್ಟಿತು. ಉದ್ದೇಶ ಒಳ್ಳೆಯದೇ. ಕಟ್ಟೆ ಸರ್ಕಾರದ್ದಾದ ಮೇಲೆ ಊರಿನ ಕಾವಲು ಸಡಿಲವಾಯಿತು, ಸಿಗಡಿ ಗುತ್ತಿಗೆಯ ಲಾಭದೆದುರು ಭತ್ತ ಹಿಂದಾಯಿತು. 2024ರಲ್ಲಿ ಅಘನಾಶಿನಿ ಅಳಿವೆಗೆ ಜೌಗುಭೂಮಿಗಳಿಗೆ ಕೊಡುವ ರಾಮ್ಸರ್ ಮಾನ್ಯತೆ ಬಂದಿದೆ. ಹಕ್ಕಿಗಳ ಜೊತೆಗೆ ಕಗ್ಗದ ರೈತರೂ ಆ ಮಾನ್ಯತೆಯ ಫಲ ಕಾಣಲಿ ಎಂದು ಆಶಿಸೋಣ.

ಈಗ ಮಾತನ್ನು ಕೊಂಚ ನಮ್ಮ ಬಾಗಿಲಿಗೆ ತರುತ್ತೇನೆ. ಪಕ್ಕದ ಬಿಟಿಎಂ ಬಡಾವಣೆ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಕೆರೆಗಳಿದ್ದ ಊರುಗಳು. 2016ರ ಜುಲೈ ಕೊನೆಯಲ್ಲಿ ಮಡಿವಾಳ ಕೆರೆ ತುಂಬಿ ಕೋಡಿಚಿಕ್ಕನಹಳ್ಳಿಯ ಬೀದಿಗಳಿಗೆ ದೋಣಿ ಬಂದಿತ್ತು, ಹುಡುಗರು ರಸ್ತೆಯಲ್ಲಿ ಮೀನು ಹಿಡಿದಿದ್ದರು. ಮರುತಿಂಗಳೇ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆಯ ಮೇಲಿವೆ ಎಂದು ಮನೆಗಳನ್ನು ಕೆಡವಲಾಯಿತು. ಕಾಗದಪತ್ರ ಸರಿಯಿದೆಯೆಂದು ನಂಬಿ, ಬ್ಯಾಂಕಿನಿಂದ ಸಾಲ ತಂದು ಕಟ್ಟಿಸಿದವರು ಅಲ್ಲಿದ್ದರು. ಅದಕ್ಕೂ ಮೊದಲು, 2015ರ ಏಪ್ರಿಲ್‌ನಲ್ಲಿ, ಜೆ.ಪಿ. ನಗರದ ಸಾರಕ್ಕಿ ಕೆರೆಯಂಗಳದ ತೆರವು ನಡೆದಿತ್ತು. 2025ರ ಮೇ ತಿಂಗಳ ಮಳೆಗೆ ಬಿಟಿಎಂ ಎರಡನೇ ಹಂತದ ಎನ್.ಎಸ್. ಪಾಳ್ಯದಲ್ಲಿ ನೆಲಮಾಳಿಗೆಯ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು.

ಇವನ್ನು ನೆನಪಿಸುವುದು ನಮ್ಮ ಕಷ್ಟವನ್ನೂ ಕಡಲತಡಿಯವರ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿಡಲು ಅಲ್ಲ. ನೀರಿನ ಅಂಚಿನಲ್ಲಿ ಸರ್ಕಾರ ಎಳೆಯುವ ಗೆರೆ ಹೇಗೆ ಓಡಾಡುತ್ತದೆ ಎಂದು ತೋರಿಸಲು. ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದು 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಕಡಲ ತೀರದಲ್ಲೂ ಹೀಗೆಯೇ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಗ್ರಾಮೀಣ ತೀರದಲ್ಲಿ ಭರತದ, ಅಂದರೆ ಉಬ್ಬರದ, ಗೆರೆಯಿಂದ 200 ಮೀಟರ್‌ವರೆಗೆ ಹೊಸ ನಿರ್ಮಾಣ ಬೇಡವೆಂದಿತ್ತು. 2019ರ ಜನವರಿಯಲ್ಲಿ ಹೊರಬಂದ ಹೊಸ ಅಧಿಸೂಚನೆ ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಕಡಲು ಒಳಕ್ಕೆ ಬರುತ್ತಿರುವ ಕಾಲದಲ್ಲಿ ನಿಷೇಧದ ಗೆರೆ ಕಡಲಿನ ಕಡೆಗೆ ನಡೆಯಿತು.

ಆ 50 ಮೀಟರನ್ನು ನೆನಪಿನಲ್ಲಿಟ್ಟುಕೊಂಡು ತಲಪಾಡಿ ದಾಟೋಣ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ ಭಾಗ. ಮಂಜೇಶ್ವರ, ಉಪ್ಪಳ, ಕುಂಬಳೆಗಳ ಕಡಲೂ ಬಟ್ಟಪ್ಪಾಡಿಯ ಕಡಲೂ ಒಂದೇ, ದಂಡೆಯ ಮೇಲಿನ ಕನ್ನಡ, ತುಳು, ಬ್ಯಾರಿ ಮಾತುಗಳೂ ಒಂದೇ. ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಒಂದು ಕಿಟಕಿಯಿದೆ: ಕೇಂದ್ರದ ಪಟ್ಟಿಯಲ್ಲಿಲ್ಲದ್ದನ್ನೂ ರಾಜ್ಯ ತನ್ನ ಸ್ಥಳೀಯ ವಿಪತ್ತೆಂದು ಘೋಷಿಸಿ ನಿಧಿಯ ನೂರಕ್ಕೆ 10ರಷ್ಟನ್ನು ಅದಕ್ಕೆ ಬಳಸಬಹುದು. ಕೇರಳ ಕಡಲ್ಕೊರೆತವನ್ನು ಹಾಗೆ ಘೋಷಿಸಿಕೊಂಡಿತು. ಮುಂದುವರಿದು ‘ಪುನರ್ಗೇಹಂ’ ಯೋಜನೆಯಲ್ಲಿ ಭರತದ ಗೆರೆಯಿಂದ 50 ಮೀಟರ್ ಒಳಗಿನ 18,685 ಕುಟುಂಬಗಳನ್ನು ಗುರುತಿಸಿ, ಸ್ವಇಚ್ಛೆಯಿಂದ ಹೊರಡುವ ಮೀನುಗಾರ ಕುಟುಂಬಕ್ಕೆ ಜಮೀನು ಮತ್ತು ಮನೆಗೆಂದು 10 ಲಕ್ಷ ರೂಪಾಯಿ ಇಟ್ಟಿತು. ಒಟ್ಟು ಅಂದಾಜು 2,450 ಕೋಟಿ. ಮನೆ ಬೀಳುವವರೆಗೆ ಕಾಯಬೇಕಿಲ್ಲ. ಗೆರೆಯೊಳಗೆ ಇರುವುದೇ ಅರ್ಹತೆ.

ಕೇರಳವನ್ನು ಹೊಗಳಿ ಕೂರಲು ನಾನು ಬಂದಿಲ್ಲ. ಆ 10 ಲಕ್ಷಕ್ಕೆ ಕಡಲಿನ ಹತ್ತಿರ ಜಾಗ ಸಿಗುವುದು ಕಷ್ಟ. ದೂರ ಹೋದರೆ ನಸುಕಿನ ದೋಣಿ ತಪ್ಪುತ್ತದೆ, ದೋಣಿಯ ಮೇಲೆ ಕಣ್ಣಿಡಲಾಗುವುದಿಲ್ಲ. ವಸತಿ ಸಮುಚ್ಚಯದ ಮೂರನೆಯ ಮಹಡಿಯಲ್ಲಿ ಬಲೆ ಒಣಗಿಸುವುದೆಲ್ಲಿ? ಹಾಗಾಗಿ ಹೊರಡಲು ಒಪ್ಪದವರೂ ಬಹಳ. ಆದರೂ ವಿಪತ್ತನ್ನು ಅದು ಮುಗಿಯುವ ಮುಂಚೆ ಗುರುತಿಸಿದ್ದು ಆ ಯೋಜನೆಯ ಹೆಚ್ಚುಗಾರಿಕೆ. ನಮ್ಮ ರಾಜ್ಯದ ‘ಮತ್ಸ್ಯಾಶ್ರಯ’ ಯೋಜನೆ ಮನೆ ಕಟ್ಟಲು ನೆರವಾಗುತ್ತದೆ, ಆದರೆ ನಿವೇಶನ ನಿಮ್ಮದಿರಬೇಕು. ನಿವೇಶನವನ್ನೇ ಕಡಲು ಒಯ್ದವನಿಗೆ ಅದರಿಂದ ಏನು ಪ್ರಯೋಜನ?

ಕೇಂದ್ರದಲ್ಲೂ ಒಂದು ಬಾಗಿಲು ತೆರೆದಿತ್ತು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನದಿ ಮತ್ತು ಕಡಲ ಕೊರೆತ ತಡೆಗೆ 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿಯನ್ನು ದೇಶಕ್ಕೆಲ್ಲ ಸೇರಿ ಶಿಫಾರಸು ಮಾಡಿತು. ಕೊರೆತಕ್ಕೆ ಸಿಕ್ಕವರನ್ನು ನಿರಾಶ್ರಿತರೆಂದು ಹೆಸರು ಹಿಡಿದು ಕರೆದದ್ದೇ ಹೊಸತು. ಅಲ್ಲದೆ ರಾಜ್ಯದ ವಿಪತ್ತು ಹಣದಲ್ಲಿ ನೂರಕ್ಕೆ 20ನ್ನು ಮುಂಜಾಗ್ರತೆಗೇ ಮೀಸಲಿಡಬೇಕೆಂದಿತು. ಆದರೆ ಇಂಥ ಹಣವನ್ನು ಕೇಳಿ ತರಲು ಎಷ್ಟು ಕುಟುಂಬ, ಯಾವ ಸರ್ವೆ ನಂಬರು, ದಂಡೆಯಿಂದ ಎಷ್ಟು ದೂರ ಎಂಬ ಪಟ್ಟಿ ಕೈಯಲ್ಲಿರಬೇಕು.

ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ. ಮೀನುಗಾರಿಕೆ ನಿಷೇಧದ 61 ದಿನ, ಅಂದರೆ ಜೂನ್ ಮತ್ತು ಜುಲೈ, ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿರುತ್ತವೆ. ಕಡಲು ಹೆಚ್ಚು ಒಳಕ್ಕೆ ಬರುವುದೂ ಆಗಲೇ. ಪ್ರತಿ ಕರಾವಳಿ ಪಂಚಾಯಿತಿ, ಪುರಸಭೆ ಆ ದಿನಗಳಲ್ಲಿ ಮನೆಯಿಂದ ಅಲೆಯ ಗುರುತಿಗೆ ಇರುವ ದೂರವನ್ನು ಮೀನುಗಾರರ ಸಹಕಾರ ಸಂಘದವರ ಎದುರು ಅಳೆದು ಪುಸ್ತಕದಲ್ಲಿ ಬರೆಯಲಿ, ಹಕ್ಕುಪತ್ರ ಇರಲಿ ಬಿಡಲಿ. ಫೆಬ್ರವರಿಯಲ್ಲಿ, ಮರಳು ಮರಳಿ ಬಂದ ಮೇಲೆ, ಇನ್ನೊಮ್ಮೆ ಅಳೆಯಲಿ. ಅದಕ್ಕೆ ವಿದೇಶಿ ಸಾಲ ಬೇಡ, ಒಂದು ಟೇಪು, ಒಂದು ರಿಜಿಸ್ಟರು, ಇಬ್ಬರು ಸಿಬ್ಬಂದಿ ಸಾಕು. ಐದು ವರ್ಷದ ಇಂಥ ದಾಖಲೆ ಇದ್ದರೆ ಮಹಜರಿಗೆ ಬಂದ ಅಧಿಕಾರಿ ಹಾನಿ ಯಾವತ್ತು ಆಯಿತೆಂದು ಕೇಳಿದಾಗ ತೋರಿಸಲು ಒಂದಲ್ಲ, ಹತ್ತು ತಾರೀಖುಗಳಿರುತ್ತವೆ. ಈ ಬಗ್ಗೆ, ಅದರಲ್ಲೂ ನಿಮ್ಮ ನಿಮ್ಮ ಊರಿನ ದಂಡೆಯ ಬಗ್ಗೆ, ಪ್ರಶ್ನೆಗಳಿದ್ದರೆ ಈಗ ಕೇಳಬಹುದು.